ಭೇಟಿ ಬಾಕಿ ಇದೆ

ಸತ್ತವಳು ದಿನಾ ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ಕರೆಯುತ್ತಿದ್ದಳು.

ಮೊದಲು ಸಣ್ಣ ಗಂಟೆಯ ಸದ್ದು. ಆಮೇಲೆ ನಲಾಂಗುವಿನ ಸೊಂಟದ ಚೀಲದಲ್ಲಿ ಬೆಳಕು. ಪರದೆಯ ಮೇಲೆ ಬಿಳಿ ಟೋಪಿಯ ನರ್ಸಿನ ಚಿತ್ರ, ಕೈಯಲ್ಲಿ ಒಂದು ಹೂವು. ಶುಭೋದಯ ನಲಾಂಗು, ಇಂದು ನಿಮಗೆ ಒಂದು ಭೇಟಿ ಬಾಕಿ ಇದೆ. ಅದರ ಕೆಳಗೆ ಆ ಹೆಸರು. ಹೆಸರಿನ ಪಕ್ಕದಲ್ಲಿ ಅವಳ ಮುಖ.

ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಮಾಸಾಯಿ ಜನ ಸತ್ತವರ ಹೆಸರನ್ನು ಬಾಯಿಗೆ ತರುವುದಿಲ್ಲ. ಕರೆದರೆ ಅವರು ತಿರುಗಿ ನೋಡುತ್ತಾರೆ. ತಿರುಗಿ ನೋಡಿದವರಿಗೆ ಹೋಗುವ ದಾರಿ ತಪ್ಪುತ್ತದೆ. ಅವಳನ್ನು ಮಣ್ಣು ಮಾಡಿದ ದಿನವೇ ಒಲೊಯಿಬೊರ್ ಹಟ್ಟಿಯವರೆಲ್ಲ ಆ ಹೆಸರನ್ನು ನುಂಗಿಕೊಂಡರು. ಪಕ್ಕದ ಹಟ್ಟಿಯಲ್ಲಿ ಅದೇ ಹೆಸರಿನ ಹುಡುಗಿಯೊಬ್ಬಳಿದ್ದಳು, ಅವಳಿಗೆ ಬೇರೆ ಹೆಸರಿಟ್ಟರು. ಎಲ್ಲರೂ ನುಂಗಿದರು. ಫೋನು ಮಾತ್ರ ನುಂಗಲಿಲ್ಲ.

ಮುಖ ಇನ್ನೂ ಕಷ್ಟ. ಆ ಫೋಟೊ ತೆಗೆದ ದಿನ ಅವಳು ಮನೆಯ ಮಾಡಿಗೆ ಸಗಣಿ ಬಳಿಯುತ್ತಿದ್ದಳು. ಮೊಣಕೈವರೆಗೂ ಸಗಣಿ. ತಡಿಯೇ, ಕೈ ತೊಳ್ಕೊಂಡು ಬರ್ತೀನಿ ಎಂದು ನಗುತ್ತಾ ತಿರುಗಿದ್ದಳು. ತಿರುಗುತ್ತಿರುವಾಗಲೇ ನಲಾಂಗು ಒತ್ತಿಬಿಟ್ಟಿದ್ದಳು. ಆ ಅರ್ಧ ನಗು ಈಗ ದಿನಾ ಬೆಳಿಗ್ಗೆ ತಿರುಗಿ ನೋಡುತ್ತದೆ.

ಮುಖದ ಕೆಳಗೆ ಎರಡು ಗುಂಡಿ. ಒಂದು, ಭೇಟಿ ಆರಂಭಿಸಿ. ಇನ್ನೊಂದು, ನಂತರ ನೆನಪಿಸಿ. ಇವಳು ಇಲ್ಲ ಎನ್ನುವ ಗುಂಡಿ ಇರಲಿಲ್ಲ.

ನಲಾಂಗು ನಂತರ ನೆನಪಿಸಿ ಎಂಬುದನ್ನು ಒತ್ತುತ್ತಿದ್ದಳು. ಸದ್ದು ಅಡಗಿಸಲು ಪಕ್ಕದ ಗುಂಡಿ ಅದುಮಿ ನೋಡಿದ್ದಳು. ಮುಖ್ಯ ಸೂಚನೆಯನ್ನು ಮೌನಗೊಳಿಸಲಾಗದು ಎಂದು ಬಂತು. ಜೋಳದ ಹಿಟ್ಟಿನ ಚೀಲದೊಳಗೆ ಹುಗಿದಿಟ್ಟು ನೋಡಿದ್ದಳು. ಹಿಟ್ಟಿನೊಳಗಿಂದಲೂ ಗಂಟೆ ಕೇಳಿತು. ಅವಳು ಹಟ್ಟಿಯ ಆರೋಗ್ಯ ಸಹಾಯಕಿ, ಆಫ್ ಮಾಡಿ ಇಡುವಂತಿರಲಿಲ್ಲ. ಆಫ್ ಆದರೆ ಎಂಕಾರೆಯ ಆರೋಗ್ಯ ಕಚೇರಿಯ ನಕ್ಷೆಯಲ್ಲಿ ಒಲೊಯಿಬೊರ್ ಕಪ್ಪಾಗುತ್ತದೆ. ಕಪ್ಪಾದ ಹಟ್ಟಿಯ ಆರೋಗ್ಯ ಸಹಾಯಕಿಯ ಫೋನನ್ನು ಕಿತ್ತುಕೊಳ್ಳುತ್ತಾರೆ. ಕಿತ್ತುಕೊಂಡರೆ ಇಲ್ಲಿಗೆ ಆಸ್ಪತ್ರೆಯ ಗಾಡಿ ಕರೆಸುವವರು ಯಾರೂ ಇರುವುದಿಲ್ಲ.

ಸತ್ತವಳ ಕಿರಿ ಮಗಳು ಈ ಗಂಟೆಯನ್ನು ಕಲಿತುಬಿಟ್ಟಿದ್ದಳು. ನಸುಕಿನಲ್ಲೇ ಬಂದು ನಲಾಂಗು ಹಸುವಿನ ಕೆಳಗೆ ಕೂತಲ್ಲಿ ತಾನೂ ಕೂರುತ್ತಿದ್ದಳು. ಹಾಲಿಗಲ್ಲ. ಚೀಲವನ್ನೇ ನೋಡುತ್ತಾ ಕೂರುತ್ತಿದ್ದಳು.

"ಚಿಕ್ಕಮ್ಮಾ, ಅಮ್ಮ ಇವತ್ತೂ ಬರ್ತಾಳಾ?"

ನಲಾಂಗು ಹಾಲು ಹಿಂಡುತ್ತಲೇ ಇರುತ್ತಿದ್ದಳು. ಅವಳು ಮೊದಲೇ ಮಾತು ಕಡಿಮೆಯವಳು. ಗಂಟೆ ಹೊಡೆಯುತ್ತಿತ್ತು. ಮಗು ಬಗ್ಗಿ ಪರದೆಯನ್ನು ಮುಟ್ಟುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಇದನ್ನು ನೋಡಿಬಿಟ್ಟಳು. ಅವಳನ್ನು ಹಟ್ಟಿಯವರೆಲ್ಲ ಕೊಕೊ ಎನ್ನುತ್ತಾರೆ, ಅಜ್ಜಿ ಎಂದು. ಅವಳ ಹಿರಿಮಗ ಲೆಟೂಯಾ. ಸತ್ತವಳು ಲೆಟೂಯಾನ ಹಿರಿ ಹೆಂಡತಿ. ನೈಪಾನೋಯ್ ಅವನ ಕಿರಿ ಹೆಂಡತಿ. ನಲಾಂಗು ಕಿರಿಮಗನ ಹೆಂಡತಿ. ಕಿರಿಯರಿಬ್ಬರೂ ಸತ್ತವಳನ್ನು ಅಕ್ಕ ಎನ್ನುತ್ತಿದ್ದರು. ಮುಳ್ಳುಬೇಲಿಯೊಳಗೆ ಎಲ್ಲರ ಮನೆಗಳೂ ಒಂದರ ಬೆನ್ನಿಗೆ ಒಂದು. ಕೊಕೊ ಮೊಮ್ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ದಿನಾ ಕರೀತಿದೀಯಲ್ಲೇ ಅವಳನ್ನ," ಎಂದಳು. "ಹೋಗೋಳನ್ನ ಹೋಗೋಕೆ ಬಿಡು. ಬೇಲಿ ಹೊರಗೆ ಬಂದು ನಿಂತಿರ್ತಾಳೆ. ನನಗೆ ಕೇಳಿಸುತ್ತೆ."

"ನಾನು ಕರೀತಿಲ್ಲ ಕೊಕೊ. ಅದೇ ಕರೀತದೆ."

"ಅದನ್ನ ಸೊಂಟಕ್ಕೆ ಕಟ್ಕೊಂಡಿರೋಳು ಯಾರು?"

ನಲಾಂಗು ತಲೆ ತಗ್ಗಿಸಿದಳು. ಹಾಲು ತುಂಬಿದ ಸೋರೆಬುರುಡೆಗೆ ಮುಚ್ಚಳ ಹಾಕಿದಳು.

*

ಮೊದಲು ಹೀಗಿರಲಿಲ್ಲ. ಹಟ್ಟಿಯ ಹತ್ತಿರದ ಅಂಗಡಿಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದಿತ್ತು. ಎಂಕಾರೆ ಆರೋಗ್ಯ ಕೇಂದ್ರದ ಗಾಡಿಯ ಡ್ರೈವರ್ ಒಡೂರನ ನಂಬರು. ಯಾರದೋ ಒಂದು ಹಳೇ ಗುಂಡಿ ಫೋನಿನಿಂದ ಒಡೂರ್, ಒಲೊಯಿಬೊರ್‌ಗೆ ಬಾ ಎಂದರೆ ಮುಗಿಯಿತು. ಅದಕ್ಕೆ ಓದು ಬೇಕಿರಲಿಲ್ಲ. ಕಣ್ಣು ಕಾಣದ ಮುದುಕಿಯೂ ಕರೆಸಬಹುದಿತ್ತು. ಒಡೂರ್ ಬೈಯುತ್ತಾ ಬರುತ್ತಿದ್ದ. ಹೊಳೆಯ ಮರಳಲ್ಲಿ ಚಕ್ರ ಹೂತರೆ ಹೆಂಗಸರು ಹೋಗಿ ತಳ್ಳುತ್ತಿದ್ದರು. ಆದರೆ ಬರುತ್ತಿದ್ದ.

ಆಮೇಲೆ ಆ್ಯಪ್ ಬಂತು. ಇನ್ನು ಮೇಲೆ ಎಲ್ಲ ಇದರಲ್ಲೇ ಎಂದರು. ಬಾಗಿಲ ಮೇಲಿನ ನಂಬರಿಗೆ ನೀಲಿ ಬಣ್ಣ ಬಳಿದು, ನಗುವ ಹೆಂಗಸೊಬ್ಬಳು ಫೋನು ಹಿಡಿದ ಚಿತ್ರ ಅಂಟಿಸಿದರು.

ಎಂಕಾರೆಯ ಸಭಾಂಗಣದಲ್ಲಿ ಸಹಾಯಕಿಯರನ್ನೆಲ್ಲ ಕೂರಿಸಿ ಕಲಿಸಿದರು. ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು. ಬ್ರೆಡ್ಡು, ಹಾಲಿಲ್ಲದ ಟೀ. ಮೇಲ್ವಿಚಾರಕ ಮುಸ್ಯೋಕಿ ಮೆತ್ತಗಿನ ಮನುಷ್ಯ, ದನಿ ಎತ್ತುವವನಲ್ಲ. ಅವನು ತೋರಿಸುತ್ತಾ ಹೋದ. ಒಂದು ಪುಟ ತೆರೆದರೆ ಹನ್ನೊಂದು ಚೌಕ. ಒಂದೊಂದು ಚೌಕದೊಳಗೆ ಇನ್ನೂ ಚೌಕಗಳು. ಸೊಳ್ಳೆಪರದೆ, ಕೆಮ್ಮು, ಪಾಯಖಾನೆ, ಲಸಿಕೆ, ತರಬೇತಿಯ ವೀಡಿಯೊ. ನಲಾಂಗು ಎಂಟನೇ ತರಗತಿ ಓದಿದವಳು. ಅವಳಿಗೇ ತಲೆ ಸುತ್ತು ಬಂತು. ಪಕ್ಕದಲ್ಲಿದ್ದ ಸೆಲೆಯ್ನಾಗೆ ಓದು ಅಷ್ಟಕ್ಕಷ್ಟೆ. ಅವಳು ಹಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದವಳು. ಅವಳ ಬೆರಳಿನ ಗುರುತನ್ನು ಫೋನು ಒಪ್ಪಲಿಲ್ಲ. ಸೌದೆ ಹೊತ್ತು, ಸಗಣಿ ಬಳಿದು, ಹಗ್ಗ ಎಳೆದು ಬೆರಳ ತುದಿ ಕಲ್ಲಿನಂತೆ ನುಣ್ಣಗಾಗಿತ್ತು.

"ನಿಮ್ಮ ಯಂತ್ರಕ್ಕೆ ನಾನು ಮನುಷ್ಯಳೇ ಅಲ್ಲ ಅನ್ಸುತ್ತೆ," ಎಂದಳು ಸೆಲೆಯ್ನಾ. ಎಲ್ಲರೂ ನಕ್ಕರು. ಮುಸ್ಯೋಕಿಯೂ ನಕ್ಕ.

ಬಸುರಿಯ ಹೆಸರು ಬರೆಯುವ ಪುಟ ಬಂತು. ಎಷ್ಟು ಮಕ್ಕಳನ್ನು ಹೆತ್ತಿದ್ದಾಳೆ? ಎಷ್ಟು ಬದುಕಿವೆ? ಎಷ್ಟು ಸತ್ತಿವೆ? ಮಾಸಾಯಿ ಜನ ಮಕ್ಕಳನ್ನು ಎಣಿಸುವುದಿಲ್ಲ. ದನವನ್ನೂ ಎಣಿಸುವುದಿಲ್ಲ. ಹಿಂಡು ಬಂದಾಗ ಬಣ್ಣ ನೋಡಿ, ಕೊಂಬು ನೋಡಿ, ಯಾವುದು ಬಂದಿಲ್ಲ ಎಂದು ಹೇಳುತ್ತಾರೆ. ಎಣಿಸಿದ್ದು ಉಳಿಯುವುದಿಲ್ಲ.

ಸೆಲೆಯ್ನಾ ಎದ್ದು ನಿಂತು ಹೇಳಿದಳು, "ಅಪ್ಪಾ, ಇದನ್ನ ನನ್ನ ಗಂಡನೇ ಕೇಳಿಲ್ಲ. ನಿನ್ನ ಫೋನಿಗೆ ನಾಚ್ಕೆ ಇಲ್ವಾ?"

ಖಾಲಿ ಬಿಟ್ಟರೆ ಮುಂದಿನ ಪುಟ ಬರುವುದಿಲ್ಲ ಎಂದ ಮುಸ್ಯೋಕಿ. ಏನಾದರೂ ಒಂದು ಹಾಕಿ ತಾಯಿ ಎಂದ.

ಟೀ ಕುಡಿಯುವಾಗ ಹೆಂಗಸರು ಮಾತಾಡಿಕೊಂಡರು. ಎಲ್ಲರಿಗೂ ಹೆತ್ತದ್ದು ಒಂದು, ಬದುಕಿದ್ದು ಒಂದು, ಸತ್ತದ್ದು ಇಲ್ಲ ಎಂದೇ ಹಾಕೋಣ. ಒಂದು ಎನ್ನುವುದು ಎಣಿಕೆಯಲ್ಲ. ಇದೆ ಎನ್ನುವ ಮಾತು, ಅಷ್ಟೆ. ಅಂದಿನಿಂದ ಆ ಸೀಮೆಯ ಹೆಂಗಸರೆಲ್ಲ ಫೋನಿನೊಳಗೆ ಒಂದೇ ಮಗುವಿನ ತಾಯಂದಿರಾದರು.

ಆ ಒಂದರಿಂದ ಫೋನು ಏನು ಅರ್ಥ ಮಾಡಿಕೊಳ್ಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬಹಳ ಹೆತ್ತವಳಿಗೆ, ಕೂಸು ಕಳೆದುಕೊಂಡವಳಿಗೆ ಅದು ಕೆಂಪು ಗುರುತು ಹಾಕುತ್ತದೆ. ಉಳಿದವರಿಗೆಲ್ಲ ಹಸಿರು ಎಲೆ. ಗಾಡಿ ಕರೆಯುವ ಚೌಕ ಕೆಂಪು ಗುರುತಿನವರ ಪುಟದಲ್ಲಿ ಮಾತ್ರ ಕಾಣಿಸುತ್ತದೆ. ಸುಮ್ಮಸುಮ್ಮನೆ ಯಾರೂ ಗಾಡಿ ಕರೆಯಬಾರದೆಂದು, ದೂರದ ನಗರದಲ್ಲಿ ತಣ್ಣಗಿನ ಕೋಣೆಯಲ್ಲಿ ಕೂತವರು ಹಾಗೆ ಮಾಡಿದ್ದರು.

*

ಅಕ್ಕನಿಗೆ ಹೆರಿಗೆ ನೋವು ಬಂದದ್ದು ನಸುಕಿನಲ್ಲಿ. ಗಂಡಸರು ದನ ಹೊಡೆದುಕೊಂಡು ಬೆಟ್ಟದಾಚೆ ಹೋಗಿದ್ದರು. ಬಿಸಿಲೇರಿದಾಗ ರಕ್ತ ಶುರುವಾಯಿತು. ಕೂಸು ಬರಲಿಲ್ಲ, ರಕ್ತ ಬಂತು. ಚರ್ಮದ ಹಾಸು ನೆನೆಯಿತು. ಕೆಳಗಿನ ಮಣ್ಣು ನೆನೆಯಿತು. ಕೊಕೊ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನಲಾಂಗು ಹೊರಗೋಡಿದಳು. ಮನೆಯೊಳಗೆ ಸಿಗ್ನಲ್ ಇಲ್ಲ. ಹುತ್ತದ ಮೇಲೆ ಹತ್ತಬೇಕು.

ಹುತ್ತದ ಮೇಲೆ ನೆತ್ತಿ ಸುಡುವ ಬಿಸಿಲು. ಪರದೆಯಲ್ಲಿ ತನ್ನ ಮುಖ ಬಿಟ್ಟು ಬೇರೇನೂ ಕಾಣಲಿಲ್ಲ. ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಅದರೊಳಗೆ ಫೋನು ಹಿಡಿದಳು. ಬೆರಳಿಟ್ಟಳು. ಗುರುತು ಸಿಗಲಿಲ್ಲ. ಬೆರಳಲ್ಲಿ ರಕ್ತ ಇತ್ತು. ಒರೆಸಿದಳು. ಗುರುತು ಸಿಗಲಿಲ್ಲ. ಗುಪ್ತ ಅಂಕಿ ಒತ್ತಿದಳು. ನರ್ಸ್ ಹೂವು ಹಿಡಿದು ಬಂದಳು. ಶುಭೋದಯ ನಲಾಂಗು. ಆ ಹೂವು ಉದುರಿ ಮುಗಿಯುವವರೆಗೂ ಏನೂ ಒತ್ತಲಾಗದು.

ಅಕ್ಕನ ಪುಟ ತೆರೆದಳು. ಹಸಿರು ಎಲೆ. ಅಪಾಯವಿಲ್ಲ. ಗಾಡಿ ಎಲ್ಲಿ? ಸೊಳ್ಳೆಪರದೆ ತೆರೆದಳು. ಹಿಂದೆ ಬಂದಳು. ಲಸಿಕೆ ತೆರೆದಳು. ಹಿಂದೆ ಬಂದಳು. ಒದ್ದೆ ಬೆರಳು ಒತ್ತಿದ್ದೊಂದು, ತೆರೆದದ್ದೊಂದು. ತರಬೇತಿಯ ವೀಡಿಯೊ ಶುರುವಾಯಿತು. ಅದರಲ್ಲಿ ಯಾರೋ ಕೈ ತೊಳೆಯುವುದು ಹೇಗೆಂದು ಹಾಡು ಹೇಳುತ್ತಿದ್ದರು. ಮನೆಯೊಳಗಿಂದ ಕೂಗು. ಹುತ್ತದ ಮೇಲೆ ಹಾಡು. ಅದನ್ನು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ.

ಆಗ ಅವಳಿಗೆ ಆ ಒಂದು ನೆನಪಾಯಿತು. ಒಂದು ಎಂದು ಹಾಕಿದ್ದಕ್ಕೇ ಎಲೆ ಹಸಿರಾಗಿದೆ ಎಂದು ಹೊಳೆಯಿತು. ಆ ಪುಟ ಹುಡುಕಿದಳು. ಸಿಕ್ಕಿತು. ಹುತ್ತದ ಮೇಲೆ ನಿಂತು ನಲಾಂಗು ಅಕ್ಕನ ಮಕ್ಕಳನ್ನು ಎಣಿಸಿದಳು. ಬದುಕಿದ್ದವನ್ನು ಎಣಿಸಿದಳು. ಮಣ್ಣಲ್ಲಿದ್ದವನ್ನು ಎಣಿಸಿದಳು. ಬೆರಳು ಮಡಚಿ ಎಣಿಸಿದಳು. ಹುಟ್ಟಿದಾಗಿನಿಂದ ಮಾಡದ ಕೆಲಸ ಅದು. ಎಣಿಸಿ, ನಿಜವಾದ ಅಂಕಿ ಹಾಕಿ ಒತ್ತಿದಳು.

ಬದಲಾವಣೆಯನ್ನು ಮೇಲ್ವಿಚಾರಕರ ಒಪ್ಪಿಗೆಗೆ ಕಳುಹಿಸಲಾಗಿದೆ. ಧನ್ಯವಾದ.

ಯಾರೋ ಓಡಿಹೋಗಿ ಕರೆದ ಬಾಡಿಗೆ ಬೈಕಿನವನು ಬಂದ. ರಕ್ತ ನೋಡಿ, ಕೂರಿಸಿಕೊಂಡು ಹೋಗೋಕಾಗಲ್ಲ ಅಕ್ಕಾ, ದಾರಿಲೇ ಹೋಗ್ಬಿಡ್ತಾಳೆ ಎಂದ. ನಿಜವೇ ಹೇಳಿದ್ದ. ಒಡೂರನ ನಂಬರು ಯಾರಿಗೂ ಬಾಯಿಪಾಠವಿರಲಿಲ್ಲ. ಅದು ಅಂಗಡಿಯ ಬಾಗಿಲಿನ ಮೇಲಿತ್ತು. ನೀಲಿ ಬಣ್ಣದ ಕೆಳಗೆ. ಹೆಂಗಸರು ಚರ್ಮದ ಹಾಸಿನ ನಾಲ್ಕು ಮೂಲೆಗೂ ಹಗ್ಗ ಕಟ್ಟಿದರು. ಕೊಕೊ ಕೂಡ ಒಂದು ಮೂಲೆಗೆ ಹೆಗಲು ಕೊಟ್ಟಳು. ಹೊಳೆಯ ಮರಳಿನವರೆಗೆ ಹೊತ್ತರು. ಮರಳಲ್ಲಿ ಭಾರ ಬೇರೆಯಾಯಿತು. ಹೊತ್ತವರಿಗೆಲ್ಲ ಅದು ಹೆಗಲಿಗೇ ತಿಳಿಯಿತು. ಹಾಗೇ ತಿರುಗಿದರು.

ಸಂಜೆ ಫೋನು ಸದ್ದು ಮಾಡಿತು. ಬದಲಾವಣೆ ಒಪ್ಪಿಗೆಯಾಗಿದೆ.

ಹುತ್ತದ ಮೇಲೆ ಎಣಿಸಿದ್ದನ್ನು ನಲಾಂಗು ಯಾರಿಗೂ ಹೇಳಲಿಲ್ಲ. ಎಣಿಸಿದ ದಿನವೇ ಅಕ್ಕ ಹೋದಳು. ಇದು ಬರೀ ಮಾತು, ಹೋಗಿದ್ದು ರಕ್ತದಿಂದ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ಬೆರಳು ಮಡಚುವಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು.

*

ಸತ್ತವಳ ಪುಟ ಮುಚ್ಚಲು ದಾರಿಯಿತ್ತು. ಭೇಟಿ ಆರಂಭಿಸಿ ಎಂದು ಒತ್ತಿ, ಪುಟದ ಮೇಲೆ ಪುಟ ದಾಟಿ, ಸಾವು ಎನ್ನುವಲ್ಲಿಗೆ ಬರಬೇಕು. ಅಲ್ಲಿ ಕಾರಣ ಕೇಳುತ್ತದೆ. ಮೂರರಲ್ಲಿ ಒಂದನ್ನು ಆರಿಸಬೇಕು. ಮನೆಯವರು ಆಸ್ಪತ್ರೆಗೆ ಒಪ್ಪಲಿಲ್ಲ. ಸಹಾಯಕಿಗೆ ತಡವಾಗಿ ತಿಳಿಸಿದರು. ಮನೆಮದ್ದು ಮಾಡಿದರು. ನಾಲ್ಕನೆಯದಿಲ್ಲ. ಗಾಡಿ ಸಿಗಲಿಲ್ಲ ಎಂಬುದು ಎಲ್ಲೂ ಇಲ್ಲ.

ನಲಾಂಗು ಅಲ್ಲಿಯವರೆಗೆ ಹೋಗಿ ಹಿಂದೆ ಬರುತ್ತಿದ್ದಳು. ಒಂದೊಂದು ಸಲ ಬೆರಳು ಪರದೆಯ ಮೇಲೆ ನಿಂತುಬಿಡುತ್ತಿತ್ತು. ಮನೆಯವರು ಒಪ್ಪಲಿಲ್ಲ. ಯಾರು ಒಪ್ಪಲಿಲ್ಲ? ಕೊಕೊನ ಹೆಗಲಲ್ಲಿ ಹಗ್ಗದ ಗಾಯ ಇನ್ನೂ ಒಣಗಿರಲಿಲ್ಲ.

ಮುಚ್ಚದಿದ್ದರೆ ಏನಾಗುತ್ತದೆಂದು ನೈಪಾನೋಯ್‌ಗೆ ತಿಂಗಳು ತುಂಬುತ್ತಾ ಬಂದಾಗ ತಿಳಿಯಿತು. ಚೊಚ್ಚಲ ಬಸುರಿ. ಕಾಲು ಊದಿ ಮಣಿಸರ ಚರ್ಮದಲ್ಲಿ ಹೂತಿತ್ತು. ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಕಣ್ಣ ಮುಂದೆ ಕಿಡಿ ಹಾರುತ್ತವೆ ಎನ್ನುತ್ತಿದ್ದಳು. ನಲಾಂಗು ಅವಳ ಪುಟ ಒತ್ತಿದಳು. ತೆರೆಯಲಿಲ್ಲ. ಈ ಮನೆಯಲ್ಲಿ ಒಂದು ಭೇಟಿ ಬಾಕಿ ಇದೆ. ದಯವಿಟ್ಟು ಅದನ್ನು ಮೊದಲು ಪೂರ್ಣಗೊಳಿಸಿ. ಕೆಳಗೆ ಮತ್ತೆ ಅದೇ ಮುಖ, ಅದೇ ಅರ್ಧ ನಗು.

ಸತ್ತವಳು ಬಾಗಿಲಲ್ಲಿ ಅಡ್ಡ ನಿಂತಿದ್ದಳು. ಅವಳನ್ನು ಸರಿಸಬೇಕಾದರೆ ಅವಳ ಮೇಲೆ ಸುಳ್ಳು ಹೇಳಬೇಕು.

ಎರಡು ದಿನ ನಲಾಂಗು ಊಟ ಸರಿಯಾಗಿ ಮಾಡಲಿಲ್ಲ. ಅಷ್ಟರಲ್ಲಿ ಎಂಕಾರೆಯಿಂದ ಕರೆ ಬಂತು. ಸೀಮೆಯ ಸಹಾಯಕಿಯರೆಲ್ಲ ಕಚೇರಿಗೆ ಬರಬೇಕು. ನಲಾಂಗು ಕೊಕೊನ ಮುಂದೆ ಹೋಗಿ ನಿಂತಳು. ನೈಪಾನೋಯ್‌ಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಎಂಕಾರೆಗೇ ಹೋಗಿಬಿಡೋಣ, ಗಾಡಿ ಅಲ್ಲೇ ನಿಂತಿರುತ್ತದೆ ಎಂದಳು. ಅಷ್ಟು ಉದ್ದದ ಮಾತನ್ನು ಅವಳು ಅತ್ತೆಯ ಎದುರು ಆಡಿದ್ದು ಅದೇ ಮೊದಲು.

ಕೊಕೊ ಕತ್ತೆಯ ಹಗ್ಗ ತಂದಳು.

*

ನಸುಕಿನಲ್ಲೇ ಹೊರಟರು. ಗಂಟೆ ಹೊಡೆದದ್ದು ಹೊಳೆಯ ಮರಳಿನಲ್ಲಿ. ಅಕ್ಕನ ಭಾರ ಬದಲಾದ ಅದೇ ಜಾಗ. ಕತ್ತೆ ನಿಂತಿತು. ಕೊಕೊ ನಿಂತಳು. ನೈಪಾನೋಯ್ ಕಣ್ಣು ಮುಚ್ಚಿಕೊಂಡು, ಅಕ್ಕ ನಮ್ಮ ಜೊತೆಗೇ ಬರ್ತಿದಾಳೆ ಅಲ್ವಾ ಎಂದಳು. ನಲಾಂಗು ನಂತರ ನೆನಪಿಸಿ ಎಂದು ಒತ್ತಿದಳು. ಕತ್ತೆಯ ಬೆನ್ನು ತಟ್ಟಿದಳು.

ಎಂಕಾರೆ ಆರೋಗ್ಯ ಕೇಂದ್ರವೆಂದರೆ ಎರಡು ಕೋಣೆ, ಒಬ್ಬ ನರ್ಸ್, ಪಕ್ಕದಲ್ಲಿ ಕಚೇರಿ. ಅಂಗಳದಲ್ಲಿ ಗಾಡಿ ನಿಂತಿತ್ತು. ತೊಳೆದು ಬೆಳ್ಳಗೆ ಹೊಳೆಯುತ್ತಿತ್ತು. ಒಡೂರ್ ಅದರ ನೆರಳಲ್ಲಿ ಕೂತು ಹಲ್ಲುಕಡ್ಡಿ ಜಗಿಯುತ್ತಿದ್ದ. ಕತ್ತೆ ನೋಡಿ, ನನ್ನ ಕೆಲಸ ಕಿತ್ಕೊಳ್ಳೋಕೆ ಇವನನ್ನ ಕರ್ಕೊಂಡು ಬಂದ್ರಾ, ಇವನಿಗೂ ಪರವಾನಗಿ ಇದೆಯಾ ಎಂದು ನಗಿಸಲು ನೋಡಿದ. ನೈಪಾನೋಯ್‌ಳ ಮುಖ ನೋಡಿ ಹಲ್ಲುಕಡ್ಡಿ ಎಸೆದ.

ನರ್ಸಿನ ಬಾಗಿಲಲ್ಲಿ ಸಾಲಿತ್ತು. ಅವಳನ್ನು ಮರದ ಕೆಳಗೆ ಕೊಕೊನ ಮಡಿಲಲ್ಲಿ ಮಲಗಿಸಿ, ಗಾಡಿ ಕೇಳಲು ನಲಾಂಗು ಕಚೇರಿಯೊಳಗೆ ಹೋದಳು. ಸೆಲೆಯ್ನಾ ಮತ್ತಿತರರು ಬೆಂಚಿನ ಮೇಲಿದ್ದರು. ಗೋಡೆಯ ಮೇಲೆ ನಕ್ಷೆಯ ಬೆಳಕು. ಹಸಿರು ಚುಕ್ಕೆಗಳ ನಡುವೆ ಒಲೊಯಿಬೊರ್ ಕೆಂಪಾಗಿತ್ತು. ಮುಸ್ಯೋಕಿ ಮೆತ್ತಗೆ ಹೇಳುತ್ತಾ ಹೋದ. ಒಂದು ಬಾಕಿಯಿಂದ ಇಡೀ ಸೀಮೆಗೆ ಕೆಟ್ಟ ಹೆಸರು. ಸತ್ತವಳು ಸತ್ತಳು, ಬೇಸರದ ಮಾತೇ. ಆದರೆ ಕಾರಣ ಹಾಕುವುದು ಕಂಪ್ಯೂಟರಿಗೆ ಮಾತ್ರ. ಯಾರೂ ಓದುವುದಿಲ್ಲ. ಗಾಡಿಗೆ ಬೇರೆ ದಾರಿಯೂ ಇತ್ತು. ಮೇಲೆ ಮೂಲೆಯಲ್ಲಿ ಮೂರು ಗೆರೆ, ಅದನ್ನು ಒತ್ತಿ, ಸಹಾಯ, ಇತರೆ, ಆಮೇಲೆ ತುರ್ತು. ತರಬೇತಿಯಲ್ಲಿ ತೋರಿಸಿದ್ದೆವು.

ನಲಾಂಗು ತನ್ನ ಫೋನಿನ ಮೂಲೆ ನೋಡಿದಳು. ಮೂರು ಗೆರೆಗಳಿದ್ದವು, ಇರುವೆಯ ಕಾಲಿನಷ್ಟು. ಇಷ್ಟು ದಿನ ಅದು ಗಾಜಿನ ಮೇಲಿನ ಗೀರು ಎಂದುಕೊಂಡಿದ್ದಳು. ಉಗುರಿನಿಂದ ಕೆರೆದು ನೋಡಿದಳು. ಅಕ್ಕನ ಜೀವ ಆ ಗೀರಿನ ಹಿಂದೆ ಇತ್ತು.

ಹೊರಗಿನಿಂದ ಕೊಕೊನ ಕೂಗು ಬಂತು.

ನೈಪಾನೋಯ್‌ಳ ಕೈಕಾಲು ಸೆಟೆದಿದ್ದವು. ಬಾಯಲ್ಲಿ ನೊರೆ. ನರ್ಸ್ ಓಡಿ ಬಂದು ನೋಡಿದಳು, ಒಂದು ಸೂಜಿ ಚುಚ್ಚಿದಳು. ಇಲ್ಲಿ ನನ್ನ ಕೈಲಾಗಲ್ಲ, ದೊಡ್ಡಾಸ್ಪತ್ರೆಗೆ ಈಗಲೇ ಹೋಗಬೇಕು ಎಂದಳು. ಒಡೂರ್ ಬೀಗದ ಕೈ ಹಿಡಿದು ನಿಂತಿದ್ದ. ನಿಂತೇ ಇದ್ದ. ಆ್ಯಪಿನಿಂದ ಕೋರಿಕೆಯ ನಂಬರು ಬಾರದೆ ಗಾಡಿ ಗೇಟು ದಾಟಿದರೆ ಅವನ ಕೆಲಸ ಹೋಗುತ್ತದೆ. ಅವನು ಮುಸ್ಯೋಕಿಯನ್ನು ನೋಡಿದ. ಮುಸ್ಯೋಕಿ ನಲಾಂಗುವನ್ನು ನೋಡಿದ.

"ಬೇಗ ಫೋನ್ ತೆಗಿಯಮ್ಮ. ಬಾಕಿ ಇದ್ರೆ ಆ ಮೂರು ಗೆರೆಯೂ ತೆರ್ಕೊಳ್ಳಲ್ಲ. ಹಳೇದನ್ನ ಮುಚ್ಚು, ಇವಳದ್ದು ತಾನಾಗೇ ತೆರ್ಕೊಳ್ಳುತ್ತೆ. ಒಂದು ಒತ್ತಿದ್ರೆ ಆಯ್ತು. ಮನೆಯವರು ಒಪ್ಪಲಿಲ್ಲ ಅಂತ ಹಾಕ್ಬಿಡು."

ನಲಾಂಗು ಫೋನು ತೆಗೆದಳು. ಭೇಟಿ ಆರಂಭಿಸಿ. ಪುಟದ ಮೇಲೆ ಪುಟ. ಸಾವು. ಮೂರು ಕಾರಣ. ಬೆರಳು ಮೇಲೆತ್ತಿದಳು. ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದರು. ಪರದೆಯ ಮೂಲೆಯಿಂದ ಅಕ್ಕನೂ ನೋಡುತ್ತಿದ್ದಳು, ಸಗಣಿ ಕೈಯಲ್ಲಿ, ಅರ್ಧ ತಿರುಗಿ. ಒತ್ತಿದರೆ ನೈಪಾನೋಯ್ ಹೋಗುತ್ತಾಳೆ, ಬದುಕಬಹುದು. ಒತ್ತಿದರೆ ಅಕ್ಕನನ್ನು ಮನೆಯವರೇ ಸಾಯಲು ಬಿಟ್ಟಂತಾಗುತ್ತದೆ. ಇವತ್ತು ಒತ್ತಿದರೆ ಮುಂದಿನವಳಿಗೂ ಇದೇ ಬಾಗಿಲು, ಇದೇ ಮೂರು ಸುಳ್ಳು.

ಅವಳು ಬೆರಳು ಇಳಿಸಲಿಲ್ಲ. ಫೋನನ್ನು ಮುಸ್ಯೋಕಿಯ ಕೈಗಿಟ್ಟಳು.

"ನೀನೇ ಒತ್ತು," ಎಂದಳು.

ದನಿ ಸಣ್ಣದಾಗಿತ್ತು. ಆದರೆ ಎಲ್ಲರಿಗೂ ಕೇಳಿಸಿತು.

"ಇಗೋ, ಇವಳು ಅವಳ ಅತ್ತೆ. ಇವಳ ಮುಖ ನೋಡ್ಕೊಂಡು ಒತ್ತು. ಮನೆಯವರು ಒಪ್ಪಲಿಲ್ಲ ಅಂತ ಓದಿ ಹೇಳಿ ಒತ್ತು. ಇವಳು ಹೆಗಲ ಮೇಲೆ ಹೊತ್ಕೊಂಡು ಹೊಳೆವರೆಗೂ ಬಂದಳು. ನಿನ್ನ ಫೋನು ನನ್ನ ಕೈಲಿ ಅಕ್ಕನ ಮಕ್ಕಳನ್ನ ಎಣಿಸಿಸ್ತು. ಸತ್ತವನ್ನೂ ಎಣಿಸಿಸ್ತು. ಎಣಿಸಿ ಕೊಟ್ಟಿದ್ದಕ್ಕೆ ಧನ್ಯವಾದ ಅಂತು. ಇನ್ನು ನಾನು ಅದಕ್ಕೆ ಏನೂ ಕೊಡಲ್ಲ."

ಕೊಕೊ ತಲೆ ಎತ್ತಿ ಸೊಸೆಯನ್ನು ನೋಡಿದಳು. ಎಣಿಸಿದ ಮಾತು ಅವಳಿಗೆ ತಟ್ಟಿತ್ತು. ಮುಖ ಕಪ್ಪಿಟ್ಟಿತು. ಆಮೇಲೆ ಅವಳು ಮೆಲ್ಲಗೆ ಹೊದಿಕೆ ಸರಿಸಿ, ಹೆಗಲಿನ ಕಪ್ಪು ಗೀರನ್ನು ಮುಸ್ಯೋಕಿಯ ಕಡೆಗೆ ತಿರುಗಿಸಿ ಕೂತಳು.

ಮುಸ್ಯೋಕಿಯ ಹೆಬ್ಬೆರಳು ಪರದೆಯ ಮೇಲೆ ಇತ್ತು. ಒತ್ತಲಿಲ್ಲ.

ಸೆಲೆಯ್ನಾ ಕಾಯಲಿಲ್ಲ. ಅವಳು ಗಾಡಿಯ ಹಿಂಬಾಗಿಲು ತೆರೆದಳು. ಹೆಂಗಸರು ನೈಪಾನೋಯ್‌ಳನ್ನು ಹೊದಿಕೆಯ ಸಮೇತ ಎತ್ತಿದರು. ಒಳಗೆ ಮಲಗಿಸಿದರು. ಕೊಕೊ ಹತ್ತಿ ಕೂತಳು. ನರ್ಸ್ ಹತ್ತಿದಳು. ಸೆಲೆಯ್ನಾ ಬಾಗಿಲು ಹಾಕಿ, ಅದರ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದಳು, ಕತ್ತೆಯ ಬೆನ್ನಿಗೆ ಬಡಿಯುವ ಹಾಗೆ.

"ಒಡೂರ್, ಹೋಗು. ಹಿಂದೆ ನಾವು ಕರೀತಿದ್ದದ್ದು ಹೀಗೇ ಅಲ್ವೇನೋ?"

ಒಡೂರ್ ಮುಸ್ಯೋಕಿಯತ್ತ ತಿರುಗಿಯೂ ನೋಡಲಿಲ್ಲ. ಗೇಟು ಕಾಯುವವನು ನಂಬರು ಎಂದ. ಹೆಂಗಸರು ಹೋಗಿ ಕೈಯಿಂದಲೇ ಗೇಟಿನ ಕೋಲನ್ನು ಎತ್ತಿ ಹಿಡಿದರು. ಕಬ್ಬಿಣದ ಕೋಲು. ಅದು ಬಿಸಿಲಿಗೆ ಕಾದು ಸುಡುತ್ತಿತ್ತು. ಗಾಡಿ ದೂಳೆಬ್ಬಿಸಿ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅದನ್ನು ಇಳಿಸಲಿಲ್ಲ.

ಆಮೇಲೆ ಒಬ್ಬೊಬ್ಬರೇ ಒಳಗೆ ಹೋದರು. ಮುಸ್ಯೋಕಿಯ ಮೇಜಿನ ಮೇಲೆ ತಮ್ಮ ತಮ್ಮ ಫೋನು ಇಟ್ಟರು. ಬಾಗಿಲ ಮೇಲಿನ ನಂಬರು ವಾಪಸು ಬರುವವರೆಗೆ ಮುಟ್ಟುವುದಿಲ್ಲ ಎಂದರು. ಇದು ಸರ್ಕಾರದ ಸ್ವತ್ತು, ಹೀಗೆಲ್ಲ ಬಿಟ್ಟು ಹೋಗುವಂತಿಲ್ಲ ಎಂದ ಮುಸ್ಯೋಕಿ. ಸರ್ಕಾರದ್ದಾದರೆ ಸರ್ಕಾರವೇ ಇಟ್ಟುಕೊಳ್ಳಲಿ ಎಂದಳು ಸೆಲೆಯ್ನಾ. ನಲಾಂಗುವಿನ ಫೋನು ಅವನ ಕೈಯಲ್ಲೇ ಇತ್ತು. ಅವಳು ಅದನ್ನು ವಾಪಸು ಕೇಳಲಿಲ್ಲ.

"ಇದರ ಗಂಟೆ ನಿಲ್ಲಿಸೋದು ಹೇಗೆ?" ಎಂದ ಅವನು ಹಿಂದಿನಿಂದ.

"ಒಂದೇ ದಾರಿ," ಎಂದಳು ನಲಾಂಗು. "ಮೂರರಲ್ಲಿ ಒಂದು."

*

ನೈಪಾನೋಯ್ ಬದುಕಿದಳು. ಹೊಟ್ಟೆ ಕೊಯ್ದು ಕೂಸು ತೆಗೆದರಂತೆ. ಗಂಡು. ಅತ್ತಿತಂತೆ. ನೈಪಾನೋಯ್‌ಳ ಎಡಗಣ್ಣಿಗೆ ಈಗಲೂ ಮಸುಕು.

ಒಡೂರನ ಕೆಲಸ ಹೋಗಲಿಲ್ಲ. ತಿಂಗಳಿಡೀ ವಿಚಾರಣೆ ನಡೆಯಿತು. ಎಂಕಾರೆಯಿಂದ ಮರಳಿದ ಮೇಲೆ ಹೆಂಗಸರು ಅಂಗಡಿಯ ಬಾಗಿಲಿಗೆ ಹೋದರು. ನಗುವ ಹೆಂಗಸಿನ ಚಿತ್ರ ಕಿತ್ತರು. ಕಲ್ಲಿನಿಂದ ನೀಲಿ ಬಣ್ಣ ಕೆರೆದರು. ಕೆಳಗಿನ ನಂಬರು ಪೂರ್ತಿ ಬರಲಿಲ್ಲ. ಬಾರದಿದ್ದ ಅಂಕಿಗಳನ್ನು ಒಡೂರನನ್ನೇ ಕೇಳಿ, ಕೆಮ್ಮಣ್ಣನ್ನು ಕೊಬ್ಬಿನಲ್ಲಿ ಕಲಸಿ, ಅಂಗೈಯಗಲ ದೊಡ್ಡದಾಗಿ ಬರೆದರು. ಕಣ್ಣು ಮಂಜಾದವರೂ ಬೆರಳಾಡಿಸಿ ತಿಳಿಯುವಷ್ಟು ದಪ್ಪ. ಕಚೇರಿಯಿಂದ ಅದಕ್ಕೆ ಒಪ್ಪಿಗೆ ಬಂದಿಲ್ಲ. ಅಳಿಸಲು ಇನ್ನೂ ಯಾರೂ ಬಂದಿಲ್ಲ.

ಎಣಿಸಿದ್ದಕ್ಕೆ ಕೊಕೊ ನಲಾಂಗುವನ್ನು ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಅವಳ ಬೆರಳುಗಳಿಗೆ ಹಾಲು ಹುಯ್ದು ತೊಳೆದಳು, ಒಂದೊಂದಾಗಿ. ಅಷ್ಟೆ.

ಹಟ್ಟಿಯಲ್ಲಿ ಈಗ ಗಂಟೆ ಇಲ್ಲ. ಕಿರಿ ಮಗಳು ಕೆಲವು ದಿನ ಬಂದು ಹಸುವಿನ ಪಕ್ಕ ಕೂತಳು. ಚೀಲ ಇಲ್ಲದ್ದು ನೋಡಿದಳು. ಆಮೇಲೆ ಬರುವುದನ್ನು ಬಿಟ್ಟಳು.

ಒಡೂರ್ ಒಂದು ದಿನ ಯಾರನ್ನೋ ಇಳಿಸಲು ಬಂದವನು ಟೀ ಕುಡಿಯುತ್ತಾ ಹೇಳಿದ. ಆ ಫೋನು ಮುಸ್ಯೋಕಿಯ ಮೇಜಿನ ಡ್ರಾಯರಿನಲ್ಲಿದೆ. ಆಫ್ ಮಾಡುವಂತಿಲ್ಲ, ನಕ್ಷೆ ಕಪ್ಪಾಗುತ್ತದೆ. ಅವನೇ ದಿನಾ ಅದಕ್ಕೆ ಚಾರ್ಜ್ ಹಾಕುತ್ತಾನೆ. ನಗರಕ್ಕೆ ಬರೆದಿದ್ದಾನೆ, ಅಲ್ಲಿಂದ ಉತ್ತರವಿಲ್ಲ. ಕಸ ಗುಡಿಸುವವಳು ಆ ಕೋಣೆಗೆ ಬೆಳಿಗ್ಗೆ ಹೋಗುವುದಿಲ್ಲ. ಮುಸ್ಯೋಕಿ ಮೇಜನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದಾನೆ. ಆದರೂ ಗಂಟೆ ಹೊಡೆದಾಗ ಅವನ ಪೆನ್ನು ನಿಲ್ಲುತ್ತದೆ. ಡ್ರಾಯರ್ ತೆರೆಯುತ್ತಾನೆ. ಮುಖ ನೋಡುತ್ತಾನೆ. ಮೂರು ಕಾರಣದವರೆಗೂ ಹೋಗುತ್ತಾನೆ. ಒತ್ತುವುದಿಲ್ಲ. ಮತ್ತೆ ಮುಚ್ಚುತ್ತಾನೆ.

ಕೊಕೊ ಒಲೆಯ ಪಕ್ಕದಿಂದ ಕೇಳಿದಳು, "ಹಾಗಾದ್ರೆ ಅವಳು ಅಲ್ಲಿ ನಿಂತಿದ್ದಾಳಾ?"

"ದಿನಾ ಬೆಳಿಗ್ಗೆ," ಎಂದ ಒಡೂರ್.

ಕೊಕೊ ಒಲೆಗೆ ಬಗ್ಗಿದಳು. ಕೊಳ್ಳಿಯನ್ನು ಒಳಗೆ ತಳ್ಳಿದಳು.

"ನಿಂತಿರಲಿ," ಎಂದಳು.